ಕಂಪ್ಯೂಟರ್ ಕೈಪಿಡಿಗಳಿಗೆ ‘ರೆಡ್ ಬುಕ್’, ‘ಆರೆಂಜ್ ಬುಕ್’ ಎಂಬ ಹೆಸರುಗಳೇಕೆ?

ಅಧಿಕೃತ ಶೀರ್ಷಿಕೆಗಳು ಮಾತಿನಲ್ಲಿ ಬಳಸಲಾಗದಷ್ಟು ಉದ್ದವಾಗಿದ್ದುದರಿಂದ ಓದುಗರು ಮುಖಪುಟದ ಬಣ್ಣವನ್ನೇ ಹೆಸರಾಗಿಸಿಕೊಂಡರು. ಮುದ್ರಿಸಬೇಕಾದ ಪುಟವನ್ನು ಪ್ರಿಂಟರ್‌ಗೆ ವಿವರಿಸುವ, ಅಡೋಬಿ ಸಂಸ್ಥೆಯ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯ ಆಕರ ಕೈಪಿಡಿ ‘ರೆಡ್ ಬುಕ್’ ಎನಿಸಿದರೆ, ಆ ಭಾಷೆಯನ್ನು ಉದಾಹರಣೆಗಳೊಂದಿಗೆ ಕಲಿಸುವ ಪುಸ್ತಕ ‘ಬ್ಲೂ ಬುಕ್’ ಆಯಿತು. ಅನುಕೂಲವೇನೋ ಸರಿ, ಆದರೆ ಬಣ್ಣಗಳು ಕೆಲವೇ ಇರುವುದರಿಂದ ಗೊಂದಲ ತಪ್ಪಿದ್ದಲ್ಲ. ಫಿಲಿಪ್ಸ್ ಮತ್ತು ಸೋನಿ 1980ರಲ್ಲಿ ರೂಪಿಸಿದ ಆಡಿಯೊ ಸಿ.ಡಿ. ಮಾನದಂಡವೂ ‘ರೆಡ್ ಬುಕ್’ ಎಂದೇ ಪ್ರಸಿದ್ಧ. ಬರೆಯಬಹುದಾದ ಸಿ.ಡಿ.ಗಳ ಮಾನದಂಡ ‘ಆರೆಂಜ್ ಬುಕ್’ ಆಗಿದ್ದರೆ, ಅಮೆರಿಕದ ರಕ್ಷಣಾ ಇಲಾಖೆ 1983ರಲ್ಲಿ ಹೊರತಂದು 1985ರಲ್ಲಿ ಪರಿಷ್ಕರಿಸಿದ, ಕಂಪ್ಯೂಟರ್ ವ್ಯವಸ್ಥೆಗಳ ಭದ್ರತೆಯನ್ನು ಕನಿಷ್ಠ ‘ಡಿ’ಯಿಂದ ಗರಿಷ್ಠ ‘ಎ1’ರವರೆಗೆ ಶ್ರೇಣೀಕರಿಸುತ್ತಿದ್ದ ದಾಖಲೆಗೂ ಅದೇ ಹೆಸರು. ಹಾಗಾಗಿ ಇಂತಹ ಅಡ್ಡಹೆಸರು ಎದುರಾದಾಗ ವಿಷಯ ಮುದ್ರಣವೋ, ಸಿ.ಡಿ.ಯೋ, ಭದ್ರತೆಯೋ ಎಂಬುದನ್ನು ಮೊದಲು ಗಮನಿಸಬೇಕಾಗುತ್ತದೆ.