ಆಟೋಮ್ಯಾಟಿಕ್ ಕಾರು: ಬ್ರೇಕಿಗೆ ಯಾವ ಕಾಲು?

ಪ್ರಶ್ನೆ: 22 ವರ್ಷ ಗೇರ್ ಗಾಡಿ ಓಡಿಸಿದವನು ನಾನು. ಎಡ ಮೊಣಕಾಲು ನೋವು ಅಂತ ಈಗ ಆಟೋಮ್ಯಾಟಿಕ್ ಕಾರು ತಗೊಂಡಿದ್ದೇನೆ. ಹೋದ ವಾರ ಬಟವಾಡಿ ಹತ್ತಿರ ಸ್ವಲ್ಪ ನಿಧಾನ ಮಾಡೋಣ ಅಂತ ಎಡಗಾಲಲ್ಲಿ ಬ್ರೇಕ್ ಒತ್ತಿದೆ. ಕಾರು ಗಕ್ಕನೆ ನಿಂತುಬಿಟ್ಟಿತು. ಹಿಂದೆ ಬರುತ್ತಿದ್ದ ಬೈಕಿನ ಹುಡುಗ ಸ್ವಲ್ಪದರಲ್ಲಿ ಉಳಿದ. ಅಭ್ಯಾಸವಾದರೆ ಎಡಗಾಲೇ ಒಳ್ಳೇದು, ರೇಸಿನವರೂ ಹಾಗೇ ಮಾಡ್ತಾರೆ ಅಂತಾನೆ ನನ್ನ ಭಾವಮೈದ. ನಿಜವೇ? ನನ್ನ ಹೆಂಡತಿಯೂ ಇದೇ ಕಾರಿನಲ್ಲಿ ಕಲಿಯಬೇಕು ಅಂತಿದ್ದಾಳೆ.
– ಓದುಗರು, ಕ್ಯಾತ್ಸಂದ್ರ, ತುಮಕೂರು

ಉತ್ತರ: ಬಲಗಾಲು. ಬ್ರೇಕಿಗೂ ಅದೇ, ಆಕ್ಸಿಲರೇಟರ್‌ಗೂ ಅದೇ. ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಪೆಡಲ್ ಇಲ್ಲವಲ್ಲ, ಎಡಗಾಲನ್ನು ಪಕ್ಕದ ಫುಟ್‌ರೆಸ್ಟ್ ಮೇಲೆ ಇಟ್ಟು ಮರೆತುಬಿಡಿ.

ನಿಮಗಾಗಿದ್ದು ನನಗೂ ಆಗಿದೆ. ಆಟೋಮ್ಯಾಟಿಕ್ ತಗೊಂಡ ಮೊದಲ ವಾರ, ಟೋಲ್ ಹತ್ತಿರ ಬರುತ್ತಿದ್ದ ಹಾಗೇ ಕ್ಲಚ್ ಒತ್ತುವ ರೂಢಿಯಲ್ಲಿ ಎಡಗಾಲು ತಾನಾಗೇ ಹೋಯಿತು. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೇ ಕೂತಿದ್ದ ಅಮ್ಮನ ಹಣೆ ಮುಂದಿನ ಸೀಟಿಗೆ ಬಡಿಯಿತು. ಅವತ್ತು ನನಗೆ ಬಹಳ ಹೆದರಿಕೆಯಾಯಿತು. ನಿಮ್ಮ ಎಡಗಾಲಿನ ತಪ್ಪೇನಿಲ್ಲ ಇದರಲ್ಲಿ. ಕ್ಲಚ್ ಅಂದರೆ ಒಂದೇ ಏಟಿಗೆ ಪೂರ್ತಿ ಒಳಗೆ ಒತ್ತಬೇಕು ಅಂತ 22 ವರ್ಷ ಕಲಿತಿರುವ ಕಾಲು ಅದು. ಬ್ರೇಕನ್ನು ಹಾಗೆ ಒತ್ತುವುದಿಲ್ಲ ಅಲ್ವಾ? ಇಷ್ಟಿಷ್ಟೇ ಒತ್ತಿ, ಬೇಕಾದರೆ ಇನ್ನೊಂಚೂರು ಒತ್ತಬೇಕು. ಆ ಹದ ಗೊತ್ತಿರುವುದು ಬಲಗಾಲಿಗೆ.

ನಿಮ್ಮ ಭಾವಮೈದ ಹೇಳಿದ್ದು ಸುಳ್ಳಲ್ಲ. ಗೋ-ಕಾರ್ಟ್‌ನಲ್ಲಿ ಬ್ರೇಕ್ ಪೆಡಲ್ ಇರುವುದೇ ಎಡಗಡೆ. ಫಾರ್ಮುಲಾ ಒನ್ ಕಾರುಗಳಲ್ಲಿ ಕ್ಲಚ್ ಸ್ಟೀರಿಂಗ್ ಚಕ್ರದ ಹಿಂದಿದೆ, ಕೈಯಲ್ಲೇ ಎಳೆಯುತ್ತಾರೆ. ಹಾಗಾಗಿ ಎಡಗಾಲು ಬ್ರೇಕಿಗೆ ಸಿಗುತ್ತದೆ. ಅದರಿಂದ ಸಮಯ ಉಳಿಯುವುದೂ ನಿಜ. ಗಂಟೆಗೆ 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್, ಕಾಲನ್ನು ಒಂದು ಪೆಡಲ್‌ನಿಂದ ಇನ್ನೊಂದಕ್ಕೆ ತರುವುದರಲ್ಲಿ ಕಾಲು ಸೆಕೆಂಡ್ ಉಳಿಸಿದರೂ ಸುಮಾರು 4 ಮೀಟರ್ ಮೊದಲೇ ಬ್ರೇಕ್ ಹಿಡಿಯುತ್ತದೆ. ಆದರೆ ಆ ಡ್ರೈವರ್‌ಗಳನ್ನು ಬೆಲ್ಟುಗಳು ಸೀಟಿಗೆ ಬಿಗಿದು ಕಟ್ಟಿಹಾಕಿರುತ್ತವೆ, ಅವರ ಎಡಗಾಲಿಗೆ ವರ್ಷಗಟ್ಟಲೆ ಅದೇ ಅಭ್ಯಾಸ. ನಮ್ಮ ಕಾರಿನಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಮೈ ಮುಂದಕ್ಕೆ ಜಾರುತ್ತದೆ, ಆಗ ಎಡಗಾಲನ್ನು ಫುಟ್‌ರೆಸ್ಟ್‌ಗೆ ಒತ್ತಿ ಹಿಡಿದರೆ ಅದೇ ಆಸರೆ.

ನನಗೆ ಜಾಸ್ತಿ ಚಿಂತೆ ಬೇರೆ ಎರಡರದ್ದು. ಎಡಗಾಲು ಸದಾ ಬ್ರೇಕ್ ಮೇಲೇ ಕೂತಿದ್ದರೆ ಗೊತ್ತಿಲ್ಲದ ಹಾಗೆ ಸ್ವಲ್ಪ ಒತ್ತಿರುತ್ತದೆ. ಹಿಂದಿನ ಕೆಂಪು ದೀಪ ಉರಿಯುತ್ತಲೇ ಇರುತ್ತದೆ, ನೀವು ನಿಜವಾಗಿ ಯಾವಾಗ ಬ್ರೇಕ್ ಹಾಕಿದಿರಿ ಅಂತ ಹಿಂದಿನವರಿಗೆ ತಿಳಿಯುವುದಿಲ್ಲ. ಬ್ರೇಕ್ ಪ್ಯಾಡ್‌ಗಳೂ ಕಾದು ಬೇಗ ಸವೆಯುತ್ತವೆ. ಇನ್ನೊಂದು, ಗಾಬರಿಯಾದಾಗ ಎರಡೂ ಕಾಲು ಸೆಟೆದುಕೊಳ್ಳುತ್ತವೆ. ಒಂದು ಬ್ರೇಕ್ ಮೇಲೆ, ಒಂದು ಆಕ್ಸಿಲರೇಟರ್ ಮೇಲೆ ಇದ್ದರೆ ಎರಡನ್ನೂ ಒಟ್ಟಿಗೆ ಅದುಮುತ್ತೀರಿ. ಹಾಗಾದಾಗ ಎಂಜಿನ್ ಶಕ್ತಿ ತಗ್ಗಿಸುವ ವ್ಯವಸ್ಥೆ ಈಗ ಹಲವು ಕಾರುಗಳಲ್ಲಿದೆ, ಆದರೆ ಅದನ್ನೇ ನಂಬಿ ಓಡಿಸಬಾರದು. ಬಲಗಾಲೊಂದೇ ಆದರೆ ಬ್ರೇಕಿಗೆ ಬಂದ ಕಾಲು ಆಕ್ಸಿಲರೇಟರ್ ಬಿಟ್ಟೇ ಬಂದಿರುತ್ತದೆ.

ಹಾಗಂತ ಬಲಗಾಲಿನವರು ತಪ್ಪೇ ಮಾಡುವುದಿಲ್ಲ ಅಂತಲ್ಲ. ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿ ಗೇಟಿಗೆ, ಗೋಡೆಗೆ ಗುದ್ದಿದವರೂ ಇದ್ದಾರೆ. ರಿವರ್ಸ್ ತೆಗೆಯುವಾಗ ಮೈ ತಿರುಗಿಸುತ್ತೀರಿ, ಜೊತೆಗೆ ಪಾದವೂ ಜಾರುತ್ತದೆ. ಅದಕ್ಕೇ ಹಿಮ್ಮಡಿಯನ್ನು ಬ್ರೇಕಿನ ನೇರಕ್ಕೆ ನೆಲಕ್ಕೆ ಊರಿ, ಆಕ್ಸಿಲರೇಟರ್ ಬೇಕಾದಾಗ ಬೆರಳಿನ ಭಾಗವನ್ನಷ್ಟೇ ಬಲಕ್ಕೆ ತಿರುಗಿಸಿ. ಮನೆ ಮುಂದೆ ನಿಲ್ಲಿಸುವಾಗ, ಜಾಗ ಸಮತಟ್ಟಾಗಿದ್ದರೆ, ಆಕ್ಸಿಲರೇಟರ್ ಮುಟ್ಟಲೇಬೇಡಿ. ಗೇರ್ ಲಿವರ್ ಡಿ (ಮುಂದಕ್ಕೆ) ಅಥವಾ ಆರ್ (ರಿವರ್ಸ್) ನಲ್ಲಿದ್ದಾಗ ಬ್ರೇಕ್ ಸಡಿಲಿಸಿದರೆ ಹೆಚ್ಚಿನ ಆಟೋಮ್ಯಾಟಿಕ್ ಕಾರುಗಳು ತಾವಾಗೇ ಮೆಲ್ಲಗೆ ಸರಿಯುತ್ತವೆ. ಅದನ್ನು ಬ್ರೇಕಿನಲ್ಲೇ ಹಿಡಿದು ಬಿಟ್ಟು ಮಾಡಿದರೆ ಸಾಕು.

ರೂಢಿ ತಪ್ಪಿಸಲು ನಾನು ಮಾಡಿದ್ದು ಇಷ್ಟೇ. ಬೆಳಗ್ಗೆ 6 ಗಂಟೆಗೆ ಮನೆ ಹತ್ತಿರದ ಹೊಸ ಲೇಔಟಿನ ಖಾಲಿ ರಸ್ತೆಗೆ ಹೋಗಿ, ಹೊರಡುವ ಮೊದಲೇ ಎಡಗಾಲನ್ನು ಫುಟ್‌ರೆಸ್ಟ್ ಮೇಲಿಟ್ಟು, ಸುಮ್ನೆ ಹೋಗುವುದು ನಿಲ್ಲಿಸುವುದು ಮಾಡುತ್ತಿದ್ದೆ. ಒಂದು ವಾರಕ್ಕೆ ಸರಿಹೋಯಿತು. ಆಫೀಸಿನ ಗೇರ್ ಗಾಡಿ ಓಡಿಸಿ ಬಂದ ದಿನ ಮಾತ್ರ ಈಗಲೂ ಒಂದು ನಿಮಿಷ ಸುಮ್ಮನೆ ಕೂತು, ಕಾಲು ಎಲ್ಲಿದೆ ಅಂತ ನೋಡಿಕೊಂಡೇ ಹೊರಡುತ್ತೇನೆ.

ದೇವರಾಯನದುರ್ಗದ ಇಳಿಜಾರಿಗೆ ಹೋದರೆ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ, ಯಾವ ಕಾಲಲ್ಲಾದರೂ ಸರಿ. ಬ್ರೇಕ್ ಕಾದರೆ ಹಿಡಿತ ಕಡಿಮೆಯಾಗುತ್ತದೆ. ಗೇರ್ ಲಿವರ್‌ನ ಎಲ್ (ಲೋ) ಅಥವಾ ಮ್ಯಾನುಯಲ್ ಮೋಡ್‌ನಲ್ಲಿ ಕಡಿಮೆ ಗೇರ್ ಹಾಕಿ, ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡವೇ ಬೇಡ.

ನಿಮ್ಮ ಮನೆಯವರಿಗೆ ಇದು ನಿಮಗಿಂತ ಬೇಗ ಬರುತ್ತದೆ, ಮರೆಯಬೇಕಾದ ಕ್ಲಚ್ ಅವರಿಗಿಲ್ಲ. ಮೊದಲ ದಿನದಿಂದಲೇ ಬಲಗಾಲೊಂದರಲ್ಲೇ ಕಲಿಯಲಿ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿ, ಎಲ್ ಬೋರ್ಡ್ ಹಾಕಿ, ಪಕ್ಕದಲ್ಲಿ ನೀವು ಕೂತಿರಿ. ನಿಮ್ಮ ಕಾರಿನಲ್ಲಿ ಕೈಯಿಂದ ಎಳೆಯುವ ಹ್ಯಾಂಡ್‌ಬ್ರೇಕ್ ಇದ್ದರೆ ಒಂದು ಕೈ ಅದರ ಹತ್ತಿರವೇ ಇರಲಿ.