ಅಟ್ಲಾಂಟಾದಲ್ಲಿ ಒಂದೇ ದಿನ ಸಿಕ್ಕರೆ?

ಪ್ರಶ್ನೆ: ಮಗಳ ಮನೆಗೆಂದು ಅಟ್ಲಾಂಟಾಕ್ಕೆ ಹೊರಟಿದ್ದೇವೆ. ಅಳಿಯ ಅಕ್ವೇರಿಯಂ, ಕೋಕಾ ಕೋಲಾ ಮ್ಯೂಸಿಯಂ ಅಂತಿದ್ದಾರೆ. ನಮಗೆ ಹಳೇ ಜಾಗ ನೋಡುವ ಆಸೆ. ಎಲ್ಲಿಗೆ ಹೋಗೋಣ?
– ಓದುಗರೊಬ್ಬರು, ಮಂಡ್ಯ

ಉತ್ತರ: ಸೀದಾ ಆಬರ್ನ್ ಅವೆನ್ಯೂಗೆ ಹೋಗಿಬಿಡಿ. ಅಮೆರಿಕದ ಕರಿಯರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ 1929ರಲ್ಲಿ ಹುಟ್ಟಿದ ಮನೆ, ಅವರೂ ಅವರ ತಂದೆಯೂ ಪಾದ್ರಿಗಳಾಗಿದ್ದ ಎಬೆನೆಜರ್ ಚರ್ಚ್, ಸಮಾಧಿ, ಎಲ್ಲವೂ ಅಲ್ಲೇ, ನಡೆದೇ ನೋಡುವಷ್ಟು ಹತ್ತಿರ. ಟಿಕೆಟ್ ಇಲ್ಲ. ಹುಟ್ಟಿದ ಮನೆಯನ್ನು 2023ರ ಕೊನೆಯಲ್ಲಿ ದುರಸ್ತಿಗೆ ಮುಚ್ಚಿದ್ದರು, ಹಾಗಾಗಿ ಒಳಗೆ ಬಿಡ್ತಾರಾ ಅಂತ ಮಗಳು ಮೊದಲೇ ವಿಚಾರಿಸಲಿ. ಬಿಡದಿದ್ದರೂ ಬೇಜಾರು ಬೇಡ. ನನ್ನ ಕೇಳಿದರೆ ಆ ಹಳೇ ಚರ್ಚೇ ಮುಖ್ಯ. ಮರದ ಬೆಂಚಿನ ಮೇಲೆ ಸುಮ್ನೆ ಕೂತರೆ ಕಿಂಗ್ ಅವರ ಧ್ವನಿಮುದ್ರಿತ ಮಾತು ಕೇಳುತ್ತದೆ, ಇಂಗ್ಲಿಷ್ ಪೂರ್ತಿ ಅರ್ಥವಾಗದಿದ್ದರೂ ಆ ದನಿಯ ಏರಿಳಿತ ಹಿಡಿದು ಕೂರಿಸುತ್ತದೆ. ಹೊರಗೆ ನೀರಿನ ಕೊಳದ ನಡುವೆ ಬಿಳಿ ಕಲ್ಲಿನ ಸಮಾಧಿ, ಪತ್ನಿ ಕೊರೆಟ್ಟಾ ಅವರದೂ ಅಲ್ಲೇ. ಆವರಣದಲ್ಲಿ ಗಾಂಧಿ ಪ್ರತಿಮೆಯೂ ಇದೆ. ಕಿಂಗ್ 1959ರಲ್ಲಿ ಭಾರತಕ್ಕೆ ಬಂದಿದ್ದರು ಅಲ್ವಾ, ನಂಟು ಹಳೆಯದೇ.

ಸಮಯ ಉಳಿದರೆ 1850ರ ಓಕ್‌ಲ್ಯಾಂಡ್ ಸ್ಮಶಾನ ನೋಡಿ. ಸ್ಮಶಾನಕ್ಕೆ ಟೂರಾ ಅಂತ ಮನೆಯವರು ನಗಬಹುದು, ನಗಲಿ. ಜುಲೈಯಲ್ಲಾದರೆ ಬೆಳಗ್ಗೆಯೇ ಹೊರಡಿ, ಅಲ್ಲಿ ಸೆಕೆ ಜಾಸ್ತಿ. ಅಕ್ವೇರಿಯಂ ಮಧ್ಯಾಹ್ನಕ್ಕಿರಲಿ, ಒಳಗೆ ಏಸಿ ಇರುತ್ತದೆ, ಅಳಿಯನಿಗೂ ಸಮಾಧಾನ.