ಪ್ಲಾನ್ ಛಲೋ ಐತಿ, ಜನ ಯಾಕ ಬರವಲ್ರು?

ಪ್ರಶ್ನೆ: ನಾವು ಗಂಗಾವತಿ, ಕಾರಟಗಿ ಕಡೆಯ ಒಂದಿಷ್ಟು ರೈಸ್ ಮಿಲ್ಲಿನವರು, ಅಡತಿ ಅಂಗಡಿಯವರು, ಇಬ್ಬರು ಕಾಲೇಜ್ ಲೆಕ್ಚರರ್ ಸೇರಿ ಕೊಪ್ಪಳ ಜಿಲ್ಲೆಗೆ ಹತ್ತು ವರ್ಷದ ಅಭಿವೃದ್ಧಿ ಪ್ಲಾನ್ ರೆಡಿ ಮಾಡೇವ್ರಿ. ಅಧಿಕಾರಿಗಳು ಭಾಳ ಛಲೋ ಐತಿ ಅಂತಾರ, ಫೈಲ್ ಮಾತ್ರ ಮುಂದಕ್ಕ ಹೋಗವಲ್ದು. ಕಂಪನಿಗಳಿಗೆ ಲೆಟರ್ ಬರದ್ರ ಉತ್ತರ ಇಲ್ಲ. ರೈತರನ್ನ ಮೀಟಿಂಗಿಗೆ ಕರದ್ರ, ಎರಡನೇ ಬೆಳೆಗೆ ನೀರು ಬಿಡ್ತಾರೋ ಇಲ್ಲೋ ಅದನ್ನ ಹೇಳ್ರಿ ಅಂತ ಕೇಳಿ ಎದ್ದು ಹೋಗ್ತಾರ. ಎಲ್ಲರನ್ನೂ ಜೊತೆಗೆ ತಗೊಳ್ಳೋದು ಹೆಂಗ?
- ಓದುಗರು, ಗಂಗಾವತಿ

ಉತ್ತರ: ಆ ರೈತರು ವಿಷಯ ಬಿಟ್ಟು ಏನೂ ಕೇಳಿಲ್ಲ ಬಿಡ್ರಿ. 133 ಟಿಎಂಸಿ ಹಿಡೀಲಿ ಅಂತ ಕಟ್ಟಿದ ತುಂಗಭದ್ರಾ ಡ್ಯಾಂನಾಗ ಹೂಳು ತುಂಬಿ ಈಗ ನಿಲ್ಲೋದು 105ರ ಆಸುಪಾಸು, 2024ರ ಆಗಸ್ಟ್‌ನಾಗ 19ನೇ ಗೇಟ್ ಕೊಚ್ಚಿಕೊಂಡು ಹೋದಾಗ ಇಡೀ ಅಚ್ಚುಕಟ್ಟಿನ ಜನ ಜೀವ ಕೈಯಾಗ ಹಿಡ್ಕೊಂಡು ಕುಂತಿದ್ರು, ನಿಮ್ಮ ಮಿಲ್ ತಿರಗೋದೂ ಅದೇ ನೀರಿನ ಮ್ಯಾಲೆ ಅಲ್ಲೇನ್ರಿ. ಹಂಗಿದ್ದ ಮ್ಯಾಲೆ ಪ್ಲಾನಿನ ಮೊದಲನೇ ಪುಟದಾಗ ನೀರು ಇರಬೇಕಿತ್ತು. ಐಸಿಸಿ (ನೀರಾವರಿ ಸಲಹಾ ಸಮಿತಿ) ಮೀಟಿಂಗ್‌ನಾಗ ಒಂದೇ ಬೆಳೆಗೆ ಅಂತ ತೀರ್ಮಾನ ಆದ ವರ್ಷ ಜಿಲ್ಲೆಯ ದುಡಿಮಿ ಹೆಂಗ ನಡೀಬೇಕು ಅಂತ ನಾಲ್ಕು ಸಾಲು ಬರದಿದ್ರೂ ಅವರು ಕುಂತು ಕೇಳ್ತಿದ್ರು.

ಇನ್ನೊಂದು, ನಮ್ಮ ಜನಕ್ಕ ಪ್ಲಾನ್ ಅನ್ನೋದು ಹೊಸದೂ ಅಲ್ಲ. 2002ರಾಗ ನಂಜುಂಡಪ್ಪ ವರದಿ ಬಂತು, ರಾಜ್ಯದಾಗ 114 ತಾಲೂಕು ಹಿಂದುಳಿದಾವ, ಅದರಾಗ 39 ಅತ್ಯಂತ ಹಿಂದುಳಿದಾವ ಅಂತ ಲೆಕ್ಕ ಕೊಟ್ಟು, ಎಂಟು ವರ್ಷಕ್ಕ 31,000 ಕೋಟಿ ಹಾಕ್ರಿ ಅಂತ ಹೇಳ್ತು. 2013ರಾಗ ನಮ್ಮ ಭಾಗಕ್ಕ ವಿಶೇಷ ಸ್ಥಾನ ಕೊಡೋ ಸಂವಿಧಾನದ 371ಜೆ ಕಲಂ ಬಂತು, ಹೈದರಾಬಾದ್ ಕರ್ನಾಟಕ ಹೋಗಿ 2019ರಾಗ ಕಲ್ಯಾಣ ಕರ್ನಾಟಕ ಆತು, ಇಲ್ಲಿನ ಅಭಿವೃದ್ಧಿ ಮಂಡಳಿಗೆ ಈಚೆಗೆ ಬಜೆಟ್‌ನಾಗ ವರ್ಷಕ್ಕ 5,000 ಕೋಟಿ ಅಂತ ಘೋಷಣೆ ಆಗ್ತೈತಿ. ಇದೆಲ್ಲಾ ಕೇಳಿದ ಮನಷ್ಯಾ ನಿಮ್ಮ ಪವರ್‌ಪಾಯಿಂಟ್ ನೋಡಿ ಚಪ್ಪಾಳಿ ಹೊಡೀತಾನಂದ್ರ ಹೆಂಗ? ಮಗ್ಗಲದ ಬಳ್ಳಾರಿ ಜಿಲ್ಲೆ ಕುಡಿತಿನಿಗೆ ಹೋಗಿ ಬರ್ರಿ ಒಮ್ಮೆ. ಸ್ಟೀಲ್ ಫ್ಯಾಕ್ಟರಿ ಬರ್ತಾವ, ಮನಿಗೊಂದು ಕೆಲಸ ಸಿಗ್ತೈತಿ ಅಂತ 2010ರ ಸುಮಾರಿಗೆ ಭೂಮಿ ಕೊಟ್ಟ ರೈತರು, ಫ್ಯಾಕ್ಟರಿನೂ ಇಲ್ಲ ಭೂಮಿನೂ ಇಲ್ಲ ಅಂತ 2022ರ ಡಿಸೆಂಬರ್‌ನಾಗ ಧರಣಿ ಕುಂತ್ರು. ಕೊಪ್ಪಳದಾಗ 2025ರ ಫೆಬ್ರವರಿ 24ಕ್ಕ ಸ್ಟೀಲ್ ಕಾರ್ಖಾನೆ ವಿಸ್ತರಣೆ ಬ್ಯಾಡ ಅಂತ ಇಡೀ ಊರು ಬಂದ್ ಆತು, ಗವಿಮಠದ ಅಜ್ಜಾರೇ (ಸ್ವಾಮೀಜಿ) ಬೀದಿಗೆ ಇಳದ್ರು. ಅವತ್ತು ಬಂದ ಜನ ಅಭಿವೃದ್ಧಿ ವಿರೋಧಿಗಳು ಅಂತ ಕೆಲವ್ರು ಮಾತಾಡಿದ್ರು, ನನಗ ಹಂಗ ಅನಸಲಿಲ್ಲ. ಧೂಳು ಯಾರ ಮನಿಗೆ ಬೀಳ್ತೈತಿ ಅನ್ನೋ ಪ್ರಶ್ನಾಕ್ಕ ಅವರಿಗೆ ಯಾರೂ ಮೊದಲ ಉತ್ತರ ಕೊಟ್ಟಿರಲಿಲ್ಲ ಅಷ್ಟ.

ಹಂಗಾಗಿ ನಿಮ್ಮ ಪ್ಲಾನಿಗೆ ಇನ್ನೊಂದು ಪುಟ ಸೇರಸ್ರಿ, ನಷ್ಟದ ಪುಟ. ಯಾವ ಸರ್ವೇ ನಂಬರಿನ ಭೂಮಿ ಹೋಗ್ತೈತಿ, ಎಷ್ಟು ನೀರು ಬೇಕು, ಬೂದಿ ಹೊಟ್ಟು ಎಲ್ಲಿ ಬೀಳ್ತೈತಿ, ಕೆಲಸ ಅಂದ್ರ ವಾಚ್‌ಮನ್ ಕೆಲಸನೋ ಆಪರೇಟರ್ ಕೆಲಸನೋ. ಇದನ್ನ ನೀವು ಬರೀದಿದ್ರ ಬ್ಯಾರೆಯವರು ಬರೀತಾರ, ಆಮ್ಯಾಲೆ ನೀವು ಏನು ಹೇಳಿದ್ರೂ ಯಾರೂ ನಂಬೂದಿಲ್ಲ.

ನೀವು ಪ್ಲಾನ್ ಮಾಡುವಾಗ ಯಾರು ಕುಂತಿದ್ರು ಅನ್ನೋದನ್ನೂ ನೋಡ್ಕೊಳ್ರಿ. ಮಿಲ್ಲಿನವರು, ವ್ಯಾಪಾರಸ್ಥರು, ಲೆಕ್ಚರರ್. ಮೂಟಿ ಹೊರೋ ಹಮಾಲರು ಇಲ್ಲ, ನಾಟಿ ಹಚ್ಚೋ ಹೆಣ್ಮಕ್ಕಳು ಇಲ್ಲ, ಕುಷ್ಟಗಿ ಯಲಬುರ್ಗಾದ ಮಸಾರಿ ಹೊಲ ಬಿಟ್ಟು ಗುಳೆ ಹೋಗೋರಂತೂ ಇಲ್ಲೇ ಇಲ್ಲ. ಕಾಲುವೆ ಸೀಮೆ ಪ್ಲಾನ್ ಮಾಡಿ ಅದಕ್ಕ ಜಿಲ್ಲೆಯ ಹೆಸರು ಇಟ್ಟೀರಿ. ಎಲ್ಲಾ ಗೊತ್ತುಮಾಡಿ ಆದ ಮ್ಯಾಲೆ ಲಗ್ನಪತ್ರಿಕೆ ಕೊಟ್ಟಂಗ ಈಗ ಬೆಂಬಲ ಕೇಳಿದ್ರ ಬಂದು ಅಕ್ಷತೆ ಹಾಕಿ ಹೋಗ್ತಾರ ಅಷ್ಟ, ದುಡಿಯೋಕ ಬರೂದಿಲ್ಲ.

ಫೈಲಿನ ವಿಷಯ ಸಣ್ಣದು. ಹತ್ತು ವರ್ಷದ ಪ್ಲಾನ್ ಅನ್ನೋದಕ್ಕ ಯಾವ ಆಫೀಸಿನಾಗೂ ಬಜೆಟ್ ಹೆಡ್ ಇರೂದಿಲ್ಲ, ಸಾಹೇಬರಿಗೆ ಟ್ರಾನ್ಸ್‌ಫರ್ ಆದ್ರ ಮುಗೀತು. ಅದನ್ನ ತುಂಡು ಮಾಡಿ, ಒಂದು ತುಂಡನ್ನ ಕಲ್ಯಾಣ ಕರ್ನಾಟಕ ಮಂಡಳಿಯ ಈ ವರ್ಷದ ಕ್ರಿಯಾ ಯೋಜನೆಗೆ ನಿಮ್ಮ ಎಂಎಲ್‌ಎ ಕಡಿಂದ ಕಳಸ್ರಿ, ಅಲ್ಲಿ ತಾಲೂಕಿನ ಹಿಂದುಳಿದಿರುವಿಕೆ ನೋಡಿ ಹಂಚಿಕೆ ಆಗ್ತೈತಿ. ಜೋಡಿಗೆ ಗ್ರಾಮ ಸಭೆಯ ಠರಾವು ಇಡ್ರಿ. 2021ರಾಗ ಅವಧಿ ಮುಗದ ಮ್ಯಾಲೆ ಜಿಲ್ಲಾ, ತಾಲೂಕು ಪಂಚಾಯತಿಗೆ ವರ್ಷಗಟ್ಟಲೆ ಚುನಾವಣೆನೇ ಆಗಲಿಲ್ಲ, ಹಂಗಾಗಿ ಹಿಂಬಾಲ ಬಿದ್ದು ಕೇಳೋರು ಇಲ್ಲದಂಗಾಗೈತಿ.

ಕಂಪನಿಗಳದ್ದು ಬ್ಯಾರೆ ಕಥಿ. 2013ರ ಕಂಪನಿ ಕಾಯ್ದೆ ಪ್ರಕಾರ ವರ್ಷಕ್ಕ 5 ಕೋಟಿ ನಿವ್ವಳ ಲಾಭ, ಇಲ್ಲಾ 1,000 ಕೋಟಿ ವಹಿವಾಟು, ಇಲ್ಲಾ 500 ಕೋಟಿ ನೆಟ್‌ವರ್ತ್ ಇದ್ದವರು ಹಿಂದಿನ ಮೂರು ವರ್ಷದ ಸರಾಸರಿ ಲಾಭದಾಗ ಶೇ 2ರಷ್ಟು ಸಿಎಸ್‌ಆರ್‌ಗೆ, ಅಂದ್ರ ಸಾಮಾಜಿಕ ಹೊಣೆಗಾರಿಕೆ ಕೆಲಸಕ್ಕ, ಖರ್ಚು ಮಾಡಬೇಕು. ಆದ್ರ ಆ ದುಡ್ಡನ್ನ ನಿನ್ನೆ ಹುಟ್ಟಿದ ವೇದಿಕೆಯ ಕೈಗೆ ಹಾಕಾಕ ಬರೂದಿಲ್ಲ. ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ, ಸಿಎಸ್‌ಆರ್ ದುಡ್ಡು ತಗೊಳ್ಳೋ ಸಂಸ್ಥೆಗಳ ಸಿಎಸ್‌ಆರ್-1 ನೋಂದಣಿ ಬೇಕು, ಮೂರು ವರ್ಷ ಕೆಲಸ ಮಾಡಿದ ದಾಖಲೆನೂ ಬೇಕು. ಹಂಗಿರೋ ಟ್ರಸ್ಟ್ ಹುಡುಕಿ ಅದರ ಜೋಡಿ ಹೋಗ್ರಿ, "ಜಿಲ್ಲೆ ಅಭಿವೃದ್ಧಿ" ಅಂತ ಕೇಳಬ್ಯಾಡ್ರಿ, ಇಂಥ ಐಟಿಐಗೆ ಇಂಥ ಮಷಿನ್ ಅಂತ ಕೇಳ್ರಿ. ಮತ್ತ ಅವರ ಮುಂದ ಕೂಡೋಕಿಂತ ಮೊದಲ ನಿಮ್ಮ ಮಿಲ್ಲಿನವರು ಎಷ್ಟು ಹಾಕ್ತೀರಿ ಅನ್ನೋದನ್ನ ಬರದು ಸಹಿ ಮಾಡ್ರಿ. ನಿಮ್ಮ ಪತ್ರದಾಗ ಆ ಮಾತೇ ಇಲ್ಲ ನೋಡ್ರಿ.

ಪ್ರಶ್ನೆ: ನಮ್ಮೂರು ಗಣಿ ಪಕ್ಕದಲ್ಲೇ ಇದೆ ಸಾರ್. ಗಣಿ ದುಡ್ಡಲ್ಲಿ ನಮ್ಮೂರಿಗೂ ಯೋಜನೆ ಮಾಡ್ತಾರಂತೆ, ಯಾರನ್ನ ಕೇಳಬೇಕು?
- ಓದುಗರು, ಸಂಡೂರು

ಉತ್ತರ: ಎರಡು ಗಂಟು ಅದಾವ, ಕಲಸಬ್ಯಾಡ್ರಿ. ಒಂದು ಡಿಎಂಎಫ್ (ಜಿಲ್ಲಾ ಖನಿಜ ಪ್ರತಿಷ್ಠಾನ), 2015ರಾಗ ಬಂದದ್ದು, ಗಣಿಯವರು ರಾಯಲ್ಟಿ ಮ್ಯಾಲೆ ಹಳೇ ಲೀಸಿಗೆ ಶೇ 30, ಹರಾಜಿನ ಲೀಸಿಗೆ ಶೇ 10 ಕಟ್ಟೋದು, ಅದು ಡಿಸಿ ಆಫೀಸ್ ಕಡೆ. ಇನ್ನೊಂದು ಸುಪ್ರೀಂ ಕೋರ್ಟ್ ಆದೇಶದ ಗಣಿ ಪರಿಸರ ಪುನಶ್ಚೇತನ ನಿಗಮದ್ದು. ಮೊದಲ ನಿಮ್ಮೂರು ನೇರ ಬಾಧಿತ ಪಟ್ಟಿಯಾಗ ಐತೋ ಇಲ್ಲೋ ಆರ್‌ಟಿಐ ಹಾಕಿ ತಿಳ್ಕೊಳ್ರಿ, ಗ್ರಾಮ ಸಭೆಯಾಗ ನೀರು, ಆಸ್ಪತ್ರೆ, ಶಾಲೆ ಅಂತ ಕೆಲಸದ ಹೆಸರು ಹಾಕಿ ಠರಾವು ಮಾಡಸ್ರಿ.

ಪ್ರಶ್ನೆ: ಅಭಿವೃದ್ಧಿ ಸಮಿತಿಗೆ ನಮ್ಮ ಮಠದ ಅಜ್ಜಾರನ್ನ ಅಧ್ಯಕ್ಷರನ್ನ ಮಾಡಿದ್ರ ಎಲ್ಲಾರೂ ಒಪ್ತಾರಲ್ರಿ?
- ಓದುಗರು, ಕುಕನೂರು

ಉತ್ತರ: ಒಪ್ಪೂದಿಲ್ಲ, ಸುಮ್ಮನಿರ್ತಾರ. ಅಜ್ಜಾರ ಎದುರಿಗೆ ಬ್ಯಾಡ ಅನ್ನೋ ಧೈರ್ಯ ಯಾರಿಗಿರ್ತೈತ್ರಿ, ಹೊರಗ ಬಂದು ಚಾದಂಗಡಿಯಾಗ ಅಂತಾರ. ಸಭಾ ಮಾಡಾಕ ಮಠದ ಜಾಗ ಕೇಳ್ರಿ, ಆಶೀರ್ವಾದ ತಗೊಳ್ರಿ, ಅಧ್ಯಕ್ಷರನ್ನ ಮಾತ್ರ ಪ್ರಶ್ನಿ ಕೇಳಾಕ ಬರೋವಂಥವರನ್ನ ಮಾಡ್ರಿ. ಬ್ಯಾಂಕ್ ಅಕೌಂಟಿಗೆ ಇಬ್ಬರ ಸಹಿ ಇರಲಿ, ಇಬ್ಬರೂ ಒಂದೇ ಪಾರ್ಟಿಯವರು ಆಗೋದು ಬ್ಯಾಡ.